ತಳುಕಿನ ವೆಂಕಣ್ಣಯ್ಯನವರು

ಅರಸೀಕೆರೆಯಿಂದ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ವಿದ್ಯಾರ್ಥಿನಿಯರನ್ನು ಕರೆದೊಯ್ಯುವುದು ನಮ್ಮ ಕಡೆಯ ಪಾಠಶಾಲೆಗಳ ವಾಡಿಕೆಯಷ್ಟೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದಲ್ಲಿ ಶಿಲ್ಪಿಗಳು ತಾವು ಮಾಡಿದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿರುವುದನ್ನು ಮಕ್ಕಳಿಗೆ ತೋರಿಸುತ್ತೇವೆ. ಎದುರಾಳಿ ಶಿಲ್ಪಿಗಳ ಗರ್ವವನ್ನು ಮುರಿದವರೆಂಬ ಬಿರುದುಗಳನ್ನೂ ಕೆಲವರು ಹಾಕಿಕೊಂಡಿರುವರು. ಹಾಗಿದ್ದೂ ಅವರು ಕಟ್ಟಿದ್ದು ಒಂದೇ ಗುಡಿಯನ್ನು!

ಹಳೇಬೀಡಿನಲ್ಲಿ ಹೇಳುವ ಕಥೆ ಬೇರೆ. ಆಗ ದ್ವಾರಸಮುದ್ರವೆನಿಸಿದ್ದ ಆ ಪಟ್ಟಣದಲ್ಲಿ ಕರಣಿಕನಾಗಿದ್ದು ಬಳಿಕ ಹಂಪೆಗೆ ಹೋದನೆಂದು ಪ್ರತೀತಿಯುಳ್ಳ ಹರಿಹರ ಕವಿಯು, ತನ್ನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಶಿವನನ್ನು ಬಿಟ್ಟು ನರನಾದ ಹರಿಶ್ಚಂದ್ರನನ್ನು ಕುರಿತು ಕಾವ್ಯ ಬರೆದನೆಂದು ಕೋಪಿಸಿ, ಅವನ ಹಲ್ಲು ಉದುರುವಂತೆ ಹೊಡೆದನಂತೆ. ಕಥೆಯು ನಿಜವೋ ಕಟ್ಟಿದ್ದೋ, ಸಮನಾಗಿ ಬೆಳೆದ ಶಿಷ್ಯನನ್ನು ಸಹಿಸುವುದು ಸುಲಭವಲ್ಲವೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು.

ಆ ಹರಿಶ್ಚಂದ್ರಕಾವ್ಯವನ್ನು ಸಂಗ್ರಹಿಸಿ ನಮ್ಮ ಕೈಗೆ ಕೊಟ್ಟವರು ಟಿ. ಎಸ್. ವೆಂಕಣ್ಣಯ್ಯನವರು ಮತ್ತು ಎ. ಆರ್. ಕೃಷ್ಣಶಾಸ್ತ್ರಿಗಳು. ಒಂದೇ ಪುಸ್ತಕದ ಮೇಲೆ ಇಬ್ಬರು ಅಧ್ಯಾಪಕರ ಹೆಸರು. ಇಂತಹುದು ಎಷ್ಟು ಅಪೂರ್ವವೆಂಬುದನ್ನು ಯಾವ ಉಪಾಧ್ಯಾಯಿನಿಯರ ಕೊಠಡಿಯಲ್ಲಿಯಾದರೂ ಒಂದು ವಾರ ಕುಳಿತವರು ತಿಳಿಯಬಲ್ಲರು.

ವೆಂಕಣ್ಣಯ್ಯನವರು 1885ರಲ್ಲಿ ಚಿತ್ರದುರ್ಗ ಸೀಮೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ತಳುಕಿನಲ್ಲಿ ಜನಿಸಿದರು. ನೀಳಕಾಯರು, ಸ್ವಭಾವದಲ್ಲಿ ಸೌಮ್ಯರು. ಉಪಾಧ್ಯಾಯವೃತ್ತಿಯನ್ನು ಅವಲಂಬಿಸಿ, ಕೊನೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಆ ಕಾಲದ ಕಾಲೇಜುಗಳಲ್ಲಿ ಇಂಗ್ಲಿಷಿಗಿದ್ದ ಮರ್ಯಾದೆ ಕನ್ನಡಕ್ಕೆ ಇರಲಿಲ್ಲ, ಹುದ್ದೆಗಳೂ ಕೆಲವೇ. ಕೆಲವೇ ಹುದ್ದೆಗಳಿರುವಲ್ಲಿ ಮತ್ಸರಕ್ಕೆ ಆಸ್ಪದ ಹೆಚ್ಚು.

ಕೃಷ್ಣಶಾಸ್ತ್ರಿಗಳು 1890ರಲ್ಲಿ ಹುಟ್ಟಿದವರು. ವೆಂಕಣ್ಣಯ್ಯನವರಿಗಿಂತ ಐದು ವರ್ಷ ಕಿರಿಯರು. ಒಂದೇ ವಿಷಯ, ಒಂದೇ ವಿಶ್ವವಿದ್ಯಾನಿಲಯ. ಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನೂ ಪ್ರಬುದ್ಧ ಕರ್ಣಾಟಕ ಪತ್ರಿಕೆಯನ್ನೂ ಪ್ರಾರಂಭಿಸಿ ಹೆಸರಾದರು. ಹಿರಿಯರಾದ ವೆಂಕಣ್ಣಯ್ಯನವರು ಅದಕ್ಕಾಗಿ ಮುಖ ಕೆಡಿಸಿಕೊಂಡವರಲ್ಲ, ಜೊತೆಗೆ ನಿಂತರು. ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಇಬ್ಬರೂ ಕೂಡಿ ಬರೆದರು. ಜನರು ಇವರನ್ನು ಕನ್ನಡದ ಅಶ್ವಿನೀದೇವತೆಗಳೆಂದು ಕರೆದರು. ಸ್ನೇಹವಿದ್ದುದರಿಂದ ಕೆಲಸ ಕೂಡಿಬಂದಿತೆಂದು ಹೇಳುವುದುಂಟು. ನಮಗಾದರೋ, ಒಂದೇ ಕೆಲಸಕ್ಕೆ ಇಬ್ಬರೂ ಕೈಹಾಕಿದುದರಿಂದಲೇ ಸ್ನೇಹವು ಗಟ್ಟಿಯಾಯಿತೆಂದು ತೋರುತ್ತದೆ.

ಇದಕ್ಕಿಂತಲೂ ಕಠಿನವಾದ ಪರೀಕ್ಷೆ ಮುಂದೆ ಬಂದಿತು. 1927ರಲ್ಲಿ ಮೈಸೂರಿನಲ್ಲಿ ಕನ್ನಡದ ಎಂ.ಎ. ತರಗತಿ ಪ್ರಾರಂಭವಾದಾಗ, ತರುಣ ಕವಿ ಪುಟ್ಟಪ್ಪನವರನ್ನು ಆ ತರಗತಿಗೆ ಸೇರುವಂತೆ ಪ್ರೇರಿಸಿದವರು ವೆಂಕಣ್ಣಯ್ಯನವರು. 1929ರಲ್ಲಿ ಪುಟ್ಟಪ್ಪನವರು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ನಿನ್ನೆ ಬೆಂಚಿನ ಮೇಲೆ ಕುಳಿತಿದ್ದವರು ಇಂದು ಸಹೋದ್ಯೋಗಿ. ಅದೂ ಕವಿತ್ವದಲ್ಲಿ ಗುರುವನ್ನು ಮೀರಿದ ಸಹೋದ್ಯೋಗಿ. ವೆಂಕಣ್ಣಯ್ಯನವರು ಅವರನ್ನು ಮೊಟಕಲಿಲ್ಲ, ಅವರ ಏಳಿಗೆಯನ್ನು ತಮ್ಮ ಭಾಗ್ಯವೆಂದೇ ಎಣಿಸಿದರು.

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಬರೆಹವು ಪ್ರಾಮಾಣಿಕವಾಗದು. ನಾವು ಮುಖ್ಯೋಪಾಧ್ಯಾಯಿನಿಯಾದ ಹೊಸತರಲ್ಲಿ, ನಮ್ಮಲ್ಲಿಯೇ ಓದಿದ್ದ ಹುಡುಗಿಯೊಬ್ಬಳು ತರಬೇತಿ ಮುಗಿಸಿ ಸಹಾಯೋಪಾಧ್ಯಾಯಿನಿಯಾಗಿ ಬಂದಳು. ವ್ಯಾಕರಣವನ್ನು ನಮಗಿಂತ ಚೆನ್ನಾಗಿ ಕಲಿಸುತ್ತಿದ್ದಳು. ಮಕ್ಕಳು ಅವಳ ಹಿಂದೆಯೇ ಇರುತ್ತಿದ್ದರು. ನಾವು ಅವಳನ್ನು ಏಕವಚನದಲ್ಲಿಯೇ ಕರೆಯುತ್ತಿದ್ದೆವು; ಒಂದು ದಿನ ತರಗತಿಯ ಎದುರಿನಲ್ಲಿಯೇ ಅವಳನ್ನು ತಿದ್ದಿದೆವು. ತಿದ್ದಿದ್ದು ಸರಿಯೂ ಆಗಿರಲಿಲ್ಲ. ಸಂಜೆ ಪುಸ್ತಕ ತೆರೆದು ನೋಡಿದಾಗ ಅವಳೇ ಸರಿ. ಮರುದಿನ ಒಪ್ಪಿಕೊಳ್ಳಬೇಕೆಂದುಕೊಂಡೆವು, ಒಪ್ಪಿಕೊಳ್ಳಲಿಲ್ಲ. ಆ ವರ್ಷದ ಕೊನೆಗೆ ಅವರು ಬೇರೆ ಊರಿಗೆ ಹೊರಟುಹೋದರು. ವೆಂಕಣ್ಣಯ್ಯನವರ ಜೀವನವನ್ನು ನಾವು ಗಮನವಿಟ್ಟು ಓದಿದ್ದು ಅದರ ತರುವಾಯ.

1936ರಲ್ಲಿ ಪುಟ್ಟಪ್ಪನವರು ರಾಮಾಯಣದರ್ಶನವನ್ನು ಬರೆಯಲು ಪ್ರಾರಂಭಿಸಿದರು. ಅದು ಮುಗಿಯುವುದನ್ನು ಕಾಣುವ ಯೋಗ ವೆಂಕಣ್ಣಯ್ಯನವರಿಗೆ ಇರಲಿಲ್ಲ; 1939ರ ಫೆಬ್ರವರಿ 24ರಂದು ಅವರು ತೀರಿಕೊಂಡರು. ಐವತ್ತನಾಲ್ಕು ವರ್ಷವೂ ತುಂಬಿರಲಿಲ್ಲ. ಗೆಳೆಯನಿಲ್ಲದ ಮೈಸೂರಿನಲ್ಲಿ ಕೃಷ್ಣಶಾಸ್ತ್ರಿಗಳು ಕನ್ನಡ ಪ್ರಾಧ್ಯಾಪಕ ಪೀಠವನ್ನು ವಹಿಸಿಕೊಂಡರು. ಅವರ ಅನಂತರ ಅದು ಪುಟ್ಟಪ್ಪನವರಿಗೆ ಬಂದಿತು. ಒಬ್ಬರಿಂದೊಬ್ಬರಿಗೆ ಹೀಗೆ ಪೀಠವು ಸಾಗಿದುದನ್ನು ನೋಡಿದರೆ, ಒಂದು ಮನೆಯ ಬೀಗದ ಕೈ ಹಿರಿಯಳಿಂದ ಕಿರಿಯಳಿಗೆ ಬಂದಂತೆ ನಮಗೆ ಕಾಣುವುದು.

ಕಾವ್ಯವು 1946ರಲ್ಲಿ ಮುಗಿಯಿತು, 1949ರಲ್ಲಿ ಮುದ್ರಣವಾಗತೊಡಗಿತು. ಪುಟ್ಟಪ್ಪನವರು ಅದನ್ನು ಅರ್ಪಿಸಿದ್ದು, ತೀರಿಹೋಗಿ ಹತ್ತು ವರ್ಷವಾಗಿದ್ದ ವೆಂಕಣ್ಣಯ್ಯನವರಿಗೆ. ಗುರುಗಳು ಎದುರಿನಲ್ಲಿಯೇ ಕುಳಿತಿರುವಂತೆ ಭಾವಿಸಿ, ವಹಿಸಿದ್ದ ಕೆಲಸವನ್ನು ಮುಗಿಸಿ ತಂದ ಹುಡುಗನಂತೆ, ಆ ಮಹಾಕವಿಯು ಅರ್ಪಣೆಯನ್ನು ಬರೆದಿರುವರು. ನಮ್ಮ ಪುಸ್ತಕಭಂಡಾರದ ಪ್ರತಿಯಲ್ಲಿ ಆ ಪುಟವು ಅಂಚಿನಲ್ಲಿ ಸವೆದಿದೆ. ಹೊರಟುಹೋದ ಆ ಉಪಾಧ್ಯಾಯಿನಿಯವರಿಗೆ ನಾವು ಕಡೆಗೂ ಕಾಗದ ಬರೆದದ್ದು, ಆ ಪುಟವನ್ನು ಓದಿದ ರಾತ್ರಿ.