ಜೋಸೆಫಿನ್ ಕಾಕ್ರೇನ್: ಮುಸುರೆ ಪಾತ್ರೆಯಿಂದ ಪೇಟೆಂಟ್‌ವರೆಗೆ

ಇಂಜಿನಿಯರಿಂಗ್ ಸೀಟ್ ಸಿಕ್ಕಿದ ದಿನದಿಂದ ನಮಗೆಲ್ಲ ಒಂದು ಅನುಭವ ಗ್ಯಾರಂಟಿ. ನೆಂಟರ ಮನೆಯಲ್ಲಿ ಫ್ಯಾನ್ ನಿಂತರೂ, ಮಿಕ್ಸಿ ಸುಟ್ಟರೂ, ವೈಫೈ ಬರದಿದ್ದರೂ ಮೊದಲು ನಮಗೇ ಫೋನ್. ನಾವಿನ್ನೂ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್‌ನಲ್ಲೇ ಒದ್ದಾಡ್ತಿದ್ದೀವಿ ಅಂದರೆ ಯಾರೂ ಕೇಳಲ್ಲ. ಕಳೆದ ರಜೆಯಲ್ಲಿ ಹೀಗೇ ಗಾಂಧಿನಗರದಿಂದ ಒಂದು ಫೋನ್ ಬಂತು. ನಮ್ಮ ಗುಂಪಿನ ಒಬ್ಬನ ದೊಡ್ಡಮ್ಮನ ಮನೆ ಅಲ್ಲಿದೆ. ಮೆಜೆಸ್ಟಿಕ್ ಗಲಾಟೆಯಿಂದ ಎರಡು ಅಡ್ಡರಸ್ತೆ ಒಳಗೆ, ಲಾಡ್ಜುಗಳ ಮಧ್ಯೆ ಹೇಗೋ ಉಳಿದುಕೊಂಡಿರುವ ಹಳೇ ಮನೆ. ಅವರ ಡಿಶ್‌ವಾಷರ್ ಕೆಟ್ಟಿತ್ತು. ತೊಳೆದ ಲೋಟದ ಮೇಲೆಲ್ಲ ಬಿಳಿ ಪುಡಿ, ಮೆಷಿನ್ ತಳದಲ್ಲಿ ಕೊಳೆ ನೀರು. ಮೆಕ್ಯಾನಿಕ್ ಬರೋದು ನಾಲ್ಕು ದಿನ ಆಗುತ್ತಂತೆ, ಅಷ್ಟರಲ್ಲಿ ನೀವು ಬಂದು ನೋಡಿ ಅಂದರು.

ನಾವು ಮೂವರು ಹೊರಟೆವು. ಡಿಶ್‌ವಾಷರ್ ಒಳಗೆ ಏನಿರುತ್ತೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ಹೆಂಗಸಿನ ಜೀವನ. ರಿಪೇರಿ ಮುಗಿಸಿ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಬರಹ.

ಜೋಸೆಫಿನ್ ಹುಟ್ಟಿದ್ದು 1839ರ ಮಾರ್ಚ್ 8ರಂದು, ಅಮೆರಿಕದ ಒಹಾಯೋ ರಾಜ್ಯದಲ್ಲಿ. ತಂದೆ ಜಾನ್ ಗ್ಯಾರಿಸ್ ಸಿವಿಲ್ ಇಂಜಿನಿಯರ್. ತಾಯಿಯ ಕಡೆಯ ಹಿರಿಯರಲ್ಲಿ ಜಾನ್ ಫಿಚ್ ಅನ್ನುವವರಿದ್ದರು. ಸ್ಟೀಮ್‌ಬೋಟ್ ಕಟ್ಟಿ 1791ರಲ್ಲಿ ಪೇಟೆಂಟ್ ಪಡೆದವರು ಅವರೇ. ಹೀಗೆ ಮನೆತನದಲ್ಲಿ ಮೆಷಿನ್ ಹುಚ್ಚು ಮೊದಲೇ ಇತ್ತು. ಆದರೆ ಆ ಕಾಲದ ಹುಡುಗಿಯನ್ನು ಯಾರು ಇಂಜಿನಿಯರಿಂಗ್ ಓದಿಸ್ತಾರೆ? ಇಂಡಿಯಾನಾದಲ್ಲಿ ಓದುತ್ತಿದ್ದ ಶಾಲೆ ಬೆಂಕಿಗೆ ಆಹುತಿಯಾದಾಗ ಆಕೆಯನ್ನು ಇಲಿನಾಯ್‌ನ ಶೆಲ್ಬಿವಿಲ್ ಊರಿಗೆ ಕಳಿಸಿದರು. ಅಲ್ಲೇ 1858ರಲ್ಲಿ ವಿಲಿಯಂ ಕಾಕ್ರನ್ ಜೊತೆ ಮದುವೆ ಆಯಿತು. ಆಗ ಆಕೆಗೆ 19 ವರ್ಷ, ಅಂದರೆ ಈಗಿನ ನಮ್ಮ ವಯಸ್ಸು.

ವಿಲಿಯಂ ಚಿನ್ನ ಹುಡುಕಲು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರಿಗೈಯಲ್ಲಿ ವಾಪಸು ಬಂದವರು. ಆಮೇಲೆ ಬಟ್ಟೆ ವ್ಯಾಪಾರದಲ್ಲಿ ಕೈ ಹತ್ತಿತು, ರಾಜಕೀಯದಲ್ಲೂ ಹೆಸರು ಬಂತು. ಇಬ್ಬರು ಮಕ್ಕಳಲ್ಲಿ ಗಂಡು ಮಗು ಎರಡನೇ ವರ್ಷಕ್ಕೇ ತೀರಿಕೊಂಡಿತು. 1870ರಲ್ಲಿ ದಂಪತಿ ದೊಡ್ಡ ಬಂಗಲೆ ಸೇರಿದರು. ಮನೆ ತುಂಬ ಆಳುಕಾಳು, ಆಗಾಗ ಔತಣ. ಊಟಕ್ಕೆ ತಲೆತಲಾಂತರದಿಂದ ಬಂದ ಪಿಂಗಾಣಿ ತಟ್ಟೆಗಳನ್ನೇ ಇಡುತ್ತಿದ್ದರು. ನಮ್ಮ ಅಜ್ಜಿಯರು ಮದುವೆಯಲ್ಲಿ ಬಂದ ಬೆಳ್ಳಿ ಲೋಟವನ್ನು ಹೇಗೆ ಕಾಪಾಡುತ್ತಾರೋ ಹಾಗೆ ಜೋಸೆಫಿನ್‌ಗೆ ಆ ತಟ್ಟೆಗಳು. ಊಟ ಮುಗಿದ ಮೇಲೆ ಆಳುಗಳು ತೊಳೆಯುವಾಗ ಒಂದೊಂದರ ಅಂಚು ಮುಕ್ಕಾಗುತ್ತಿತ್ತು. ಸಿಟ್ಟು ಬಂದು ಇನ್ನು ಯಾರೂ ಮುಟ್ಟಬೇಡಿ ಅಂತ ತಾವೇ ತೊಳೆಯೋಕೆ ನಿಂತರು. ಸ್ವಲ್ಪ ದಿನದಲ್ಲೇ ಅದು ಎಂಥ ಬೇಜಾರಿನ ಕೆಲಸ ಅಂತ ಗೊತ್ತಾಯಿತು. ತೊಳೆಯೋ ಮೆಷಿನ್ ಬೇಕು ಅನ್ನಿಸಿದ್ದು ಆಗ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಕಥೆ ಹೇಳುವವರೆಲ್ಲ ಮುಕ್ಕಾದ ತಟ್ಟೆ ಬಗ್ಗೆ ಹೇಳ್ತಾರೆ, ದಿನಾ ಆ ತಟ್ಟೆ ತೊಳೆದ ಕೈಗಳ ಬಗ್ಗೆ ಹೇಳೋದಿಲ್ಲ. ಆಳುಗಳಿಗೆ ಅದು ಬೇಜಾರಿನ ಕೆಲಸ ಅಂತ ಯಜಮಾನಿಗೆ ಮೊದಲು ಹೊಳೆದಿರಲಿಲ್ಲ. ತನ್ನ ಕೈ ಮುಸುರೆಗೆ ಬಿದ್ದಾಗಲೇ ಅದು ಸಮಸ್ಯೆ ಅನ್ನಿಸಿತು. ಆಕೆಯನ್ನು ದೇವರು ಮಾಡಿ ಕೂರಿಸೋದು ಬೇಡ ಅಂತ ಇದನ್ನು ಬರೆದೆವು.

ನಿಜವಾದ ಪೆಟ್ಟು ಬಿದ್ದಿದ್ದು 1883ರಲ್ಲಿ. ವಿಲಿಯಂ ತೀರಿಕೊಂಡರು. ಬಂಗಲೆ ಇತ್ತು, ಹೆಸರಿತ್ತು, ಆದರೆ ಕೈಯಲ್ಲಿದ್ದ ನಗದು ಸುಮಾರು 1,500 ಡಾಲರ್, ಅದರ ಮೇಲೆ ಸಾಲವೋ ಸಾಲ. ಜೋಸೆಫಿನ್‌ಗೆ ಆಗ 44 ವರ್ಷ. ಇಷ್ಟು ದಿನ ಶೋಕಿಗೆ ಅಂದುಕೊಂಡಿದ್ದ ಮೆಷಿನ್ ಈಗ ಹೊಟ್ಟೆಪಾಡು ಆಯಿತು. ಹೆಸರಿನ ಕೊನೆಗೆ ತಾವೇ ಒಂದು ಅಕ್ಷರ ಸೇರಿಸಿಕೊಂಡು ಕಾಕ್ರನ್ ಅನ್ನುವುದನ್ನು ಕಾಕ್ರೇನ್ ಮಾಡಿಕೊಂಡಿದ್ದ ಆ ಹೆಂಗಸು ಮನೆ ಹಿಂದಿನ ಸೌದೆ ಕೊಟ್ಟಿಗೆಗೆ ಇಳಿದರು.

ಪಾತ್ರೆ ತೊಳೆಯೋ ಮೆಷಿನ್ ಅದಕ್ಕೂ ಮೊದಲು ಇರಲಿಲ್ಲ ಅಂತಲ್ಲ. ಜೋಯೆಲ್ ಹಾಟನ್ ಅನ್ನುವವರು 1850ರಲ್ಲೇ ಮರದ ಮೆಷಿನ್‌ಗೆ ಪೇಟೆಂಟ್ ಪಡೆದಿದ್ದರು. ಕೈಯಲ್ಲಿ ತಿರುಗಿಸಿದರೆ ಪಾತ್ರೆ ಮೇಲೆ ನೀರು ಎರಚುತ್ತಿತ್ತು ಅಷ್ಟೆ, ಕೊಳೆ ಹೋಗುತ್ತಿರಲಿಲ್ಲ. ಜೋಸೆಫಿನ್ ಶುರು ಮಾಡಿದ್ದು ಬೇರೆ ತುದಿಯಿಂದ. ಮೊದಲು ತಟ್ಟೆ, ಕಪ್ಪು, ಸಾಸರ್ ಎಲ್ಲದರ ಅಳತೆ ತೆಗೆದುಕೊಂಡರು. ಪ್ರತಿಯೊಂದಕ್ಕೂ ಸರಿಹೊಂದುವ ಹಾಗೆ ತಂತಿಯ ಗೂಡು ಮಾಡಿಸಿದರು. ಆ ಗೂಡುಗಳನ್ನು ಒಂದು ಚಕ್ರದ ಮೇಲೆ ಕೂರಿಸಿ, ಚಕ್ರವನ್ನು ತಾಮ್ರದ ಹಂಡೆಯೊಳಗೆ ಮಲಗಿಸಿದರು. ಚಕ್ರ ತಿರುಗುತ್ತಿದ್ದಂತೆ ಬಿಸಿ ಸೋಪಿನ ನೀರು ರಭಸದಿಂದ ಪಾತ್ರೆಗಳ ಮೇಲೆ ಚಿಮ್ಮಬೇಕು. ಬ್ರಷ್ ಇಲ್ಲ, ಉಜ್ಜೋದಿಲ್ಲ, ನೀರಿನ ಒತ್ತಡವೇ ಕೈ.

ಕಬ್ಬಿಣದ ಕೆಲಸಕ್ಕೆ ಜಾರ್ಜ್ ಬಟರ್ಸ್ ಅನ್ನುವ ಮೆಕ್ಯಾನಿಕ್ ಜೊತೆಯಾದರು. ಎಲ್ಲರೂ ಬಟರ್ಸ್ ಥರ ಇರಲಿಲ್ಲ. ಜೋಸೆಫಿನ್ ಹೀಗೆ ಮಾಡಿ ಅಂದರೆ ಗಂಡಸರು ಕೇಳುತ್ತಿರಲಿಲ್ಲ. ಈಕೆಗೆ ಮೆಷಿನ್ ಓದು ಇಲ್ಲ ಅನ್ನೋದು ಅವರ ತಲೆಯಲ್ಲಿ. ತಮಗೆ ತೋಚಿದ ಹಾಗೆ ಮಾಡಿ, ಅದು ಕೈಕೊಟ್ಟ ಮೇಲೆ ಆಕೆ ಹೇಳಿದ ದಾರಿಗೆ ಬರುತ್ತಿದ್ದರು. ಅಷ್ಟು ಹೊತ್ತಿಗೆ ಖರ್ಚಾಗಿದ್ದು ಆಕೆಯ ದುಡ್ಡು.

1886ರ ಡಿಸೆಂಬರ್ 28ರಂದು ಪೇಟೆಂಟ್ ಬಂತು. ನಂಬರ್ 3,55,139.

ಗಾಂಧಿನಗರದಲ್ಲಿ ಮೆಷಿನ್ ಬಾಗಿಲು ತೆಗೆದಾಗ ನಮಗೆ ಮೊದಲು ಕಂಡಿದ್ದೇ ಆ ತಂತಿ ಗೂಡು. 140 ವರ್ಷ ಹತ್ತಿರ ಆದರೂ ಐಡಿಯಾ ಅದೇ. ಒಂದೇ ವ್ಯತ್ಯಾಸ: ಅವರ ಮೆಷಿನ್‌ನಲ್ಲಿ ತಟ್ಟೆ ತಿರುಗುತ್ತಿತ್ತು, ಈಗ ತಟ್ಟೆ ನಿಂತಿರುತ್ತೆ, ನೀರು ಚಿಮ್ಮಿಸೋ ತೋಳು ತಿರುಗುತ್ತೆ. ಆ ತೋಳಿಗೆ ಮೋಟರ್ ಇಲ್ಲ. ಓರೆಯಾಗಿರೋ ತೂತುಗಳಿಂದ ನೀರು ಚಿಮ್ಮುವಾಗ ತೋಳು ಹಿಂದಕ್ಕೆ ತಳ್ಳಿಸಿಕೊಂಡು ಸುತ್ತುತ್ತೆ, ನ್ಯೂಟನ್ನನ ಮೂರನೇ ನಿಯಮ. ಹಾಗಾಗಿ ತೂತು ಕಟ್ಟಿದರೆ ಅಥವಾ ದೊಡ್ಡ ಬಾಣಲೆ ಅಡ್ಡ ಬಂದರೆ ತೋಳು ನಿಲ್ಲುತ್ತೆ, ಪಾತ್ರೆ ಹಾಗೇ ಉಳಿಯುತ್ತೆ. ತಟ್ಟೆ ಮೇಲೆ ತಟ್ಟೆ ಒರಗಿಸಿ ಇಟ್ಟರೂ ಅಷ್ಟೆ. ಜೋಸೆಫಿನ್ ಅಳತೆ ಹಿಡಿದು ಗೂಡು ಮಾಡಿಸಿದ್ದು ಯಾಕೆ ಅಂತ ಅಲ್ಲಿ ಅರ್ಥ ಆಯಿತು.

ಪೇಟೆಂಟ್ ಸಿಕ್ಕರೂ ಮನೆಗಳಲ್ಲಿ ಯಾರೂ ಕೊಳ್ಳಲಿಲ್ಲ. ಬೆಲೆ ಜಾಸ್ತಿ ಅನ್ನೋದು ಒಂದು ಕಾರಣ. ಇನ್ನೊಂದು, ಮೆಷಿನ್ ಕೇಳುವಷ್ಟು ಬಿಸಿನೀರು ಆಗಿನ ಮನೆಗಳಲ್ಲಿ ಇರುತ್ತಿರಲಿಲ್ಲ. ಎಷ್ಟೋ ಕಡೆ ನೀರು ಗಡಸು, ಸೋಪು ಸರಿಯಾಗಿ ಕರಗುತ್ತಿರಲಿಲ್ಲ. ಹಾಗಾಗಿ ಹೋಟೆಲ್‌ಗಳ ಕಡೆ ತಿರುಗಿದರು. ಶಿಕಾಗೋದ ಪಾಮರ್ ಹೌಸ್ ಮೊದಲು ಕೊಂಡಿತು, ಆಮೇಲೆ ಶೆರ್ಮನ್ ಹೌಸ್. ಗಂಡನೋ ತಂದೆಯೋ ಜೊತೆಗಿಲ್ಲದೆ ಹೆಂಗಸು ಹೋಟೆಲ್ ಲಾಬಿ ದಾಟಿ ಹೋಗೋದು ಆಗ ನಾಲ್ಕು ಜನ ತಿರುಗಿ ನೋಡುವ ವಿಷಯ. ಶೆರ್ಮನ್ ಹೌಸ್ ಲಾಬಿ ಒಬ್ಬರೇ ದಾಟಿದ್ದು ತಾವು ಮಾಡಿದ ಕೆಲಸಗಳಲ್ಲೇ ಹೆಚ್ಚುಕಡಿಮೆ ಎಲ್ಲಕ್ಕಿಂತ ಕಷ್ಟದ್ದು ಅಂತ ಆಮೇಲೆ ನೆನಪಿಸಿಕೊಂಡಿದ್ದರು. ತಲೆ ತಿರುಗಿ ಬೀಳ್ತೀನೇನೋ ಅನ್ನಿಸಿತ್ತಂತೆ. ಬೀಳಲಿಲ್ಲ, 800 ಡಾಲರ್ ಆರ್ಡರ್ ಹಿಡಿದು ಹೊರಗೆ ಬಂದರು.

1893ರ ಶಿಕಾಗೋ ವಿಶ್ವ ಮೇಳ ನಮಗೆಲ್ಲ ಗೊತ್ತಿರೋದು ಇನ್ನೊಂದು ಕಾರಣಕ್ಕೆ. ಅದಕ್ಕೆ ಹೊಂದಿಕೊಂಡೇ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಮಾತಾಡಿದ್ದರು. ಅದೇ ಮೇಳದ ಹೋಟೆಲ್‌ಗಳ ಅಡುಗೆಮನೆಯಲ್ಲಿ ಜೋಸೆಫಿನ್ ಅವರ ಮೆಷಿನ್‌ಗಳು ರಾಶಿ ರಾಶಿ ತಟ್ಟೆ ತೊಳೆಯುತ್ತಿದ್ದವು. ಗಟ್ಟಿತನಕ್ಕೆ, ರಚನೆಗೆ ಬಹುಮಾನವೂ ಬಂತು. ಆಮೇಲೆ ಆಸ್ಪತ್ರೆ, ಕಾಲೇಜುಗಳಿಂದಲೂ ಆರ್ಡರ್ ಬಂದವು. ಬಿಸಿನೀರಲ್ಲಿ ತೊಳೆದ ಪಾತ್ರೆಯಿಂದ ರೋಗ ಹರಡೋದು ಕಡಿಮೆ ಅನ್ನೋದು ಆಸ್ಪತ್ರೆಗಳಿಗೆ ಮುಖ್ಯವಾಗಿತ್ತು. 1898ರಲ್ಲಿ ಸ್ವಂತ ಫ್ಯಾಕ್ಟರಿ ಶುರುವಾಯಿತು, ಅದರ ಉಸ್ತುವಾರಿ ಅದೇ ಜಾರ್ಜ್ ಬಟರ್ಸ್‌ಗೆ.

ಇದೇ ಯೋಚನೆ ನಮ್ಮ ಬೆಂಗಳೂರಿಗೂ ಬಂದಿದೆ, ಬೇರೆ ರೂಪದಲ್ಲಿ. ಎಂ.ಟಿ.ಆರ್. ಕಟ್ಟಿದ ಪರಂಪಳ್ಳಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ, ಅಲ್ಲಿನ ಹೋಟೆಲ್‌ಗಳ ಶುಚಿ ನೋಡಿ ಬಂದರು. ಬಂದ ಮೇಲೆ ತಮ್ಮ ಹೋಟೆಲ್‌ನಲ್ಲಿ ತಟ್ಟೆ ಲೋಟಗಳನ್ನು ಆವಿಯಲ್ಲಿ ಶುದ್ಧ ಮಾಡೋ ಪದ್ಧತಿ ತಂದರು. ಮೆಷಿನ್ ಬೇರೆ, ಕಾಳಜಿ ಒಂದೇ: ಇನ್ನೊಬ್ಬರು ತಿಂದ ತಟ್ಟೆ ನಮ್ಮ ಮುಂದೆ ಬರುವಾಗ ಹೇಗೆ ಬರಬೇಕು ಅನ್ನೋದು.

ಈಗ ನಮ್ಮ ರಿಪೇರಿಗೆ ಬರೋಣ. ಮೊದಲು ಪ್ಲಗ್ ಕಿತ್ತೆವು, ನಲ್ಲಿ ಕಟ್ಟಿದೆವು. ಇದು ಮಾಡದೆ ಒಳಗೆ ಕೈ ಹಾಕಬಾರದು. ತಳದ ಫಿಲ್ಟರ್ ತಿರುಗಿಸಿ ತೆಗೆದರೆ ಕರಿಬೇವು, ಸಾಸಿವೆ, ಹುಣಸೆ ನಾರು, ಒಂದು ಚೂರು ಗಾಜು. ಗಾಜು ಇರಬಹುದು ಅಂತಲೇ ಬರಿಗೈ ಹಾಕದೆ ಚಮಚದಲ್ಲಿ ಎತ್ತಿದೆವು. ಹಿಂದಿನ ಪೈಪು ಗೋಡೆಗೆ ಒತ್ತಿ ಮಡಿಚಿಕೊಂಡಿತ್ತು, ನೇರ ಮಾಡಿದ್ದಕ್ಕೆ ನಿಂತ ನೀರು ಹೋಯಿತು. ತೋಳಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿದೆವು.

ಬಿಳಿ ಪುಡಿ ಮಾತ್ರ ಹೋಗಲಿಲ್ಲ. ಪಂಪ್ ಇರಬೇಕು, ಹೀಟರ್ ಇರಬೇಕು ಅಂತ ಒಂದು ಗಂಟೆ ನಾವು ವಾದ ಮಾಡಿದೆವು. ದೊಡ್ಡಮ್ಮ ಅಷ್ಟರಲ್ಲಿ ಎರಡು ಸಲ ಹೇಳಿದ್ದರು, ಬೇಸಿಗೆಯಲ್ಲಿ ಕಾವೇರಿ ನೀರು ಸಾಲದೆ ಟ್ಯಾಂಕರ್ ತರಿಸಿದ ಮೇಲೆ ಹೀಗಾಗಿದ್ದು ಅಂತ. ಹ್ಞೂಂ ದೊಡ್ಡಮ್ಮ ಅಂದು ನಮ್ಮ ಪಾಡಿಗೆ ಮೊಬೈಲ್ ನೋಡ್ತಾ ಇದ್ದೆವು. ಮೂರನೇ ಸಲ ಅವರು ಹೇಳಲಿಲ್ಲ. ಕಾಫಿ ತಂದಿಟ್ಟು ಸುಮ್ಮನೆ ಹೋದರು.

ಉತ್ತರ ಅವರದ್ದೇ ಸರಿ. ಟ್ಯಾಂಕರಿನ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಮೆಷಿನ್ ಒಳಗಿನ ರೆಸಿನ್ ಅವನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ. ಆ ರೆಸಿನ್ ಮತ್ತೆ ಚುರುಕಾಗೋಕೆ ಉಪ್ಪು ಬೇಕು. ಉಪ್ಪಿನ ಡಬ್ಬಿ ಪೂರ್ತಿ ಖಾಲಿ, ಗಡಸುತನದ ಸೆಟ್ಟಿಂಗ್ ಇನ್ನೂ ಕಾವೇರಿ ನೀರಿನದ್ದೇ. ಡಿಶ್‌ವಾಷರ್ ಉಪ್ಪು ತುಂಬಿ (ಅಡುಗೆ ಉಪ್ಪಲ್ಲ), ಸೆಟ್ಟಿಂಗ್ ಏರಿಸಿ, ಚೆಲ್ಲಿದ ಉಪ್ಪುನೀರು ಸ್ಟೀಲನ್ನು ತಿನ್ನದಿರಲಿ ಅಂತ ತಕ್ಷಣ ಒಂದು ಸಲ ಓಡಿಸಿದೆವು. ಲೋಟಗಳನ್ನು ನಿಂಬೆ ಉಪ್ಪಿನ ನೀರಲ್ಲಿ ನೆನೆಸಿದಾಗ ಹೆಚ್ಚಿನವು ತಿಳಿಯಾದವು. ಎರಡು ಗಾಜಿನ ಲೋಟ ಆಗಲಿಲ್ಲ. ಅದು ಸುಣ್ಣ ಅಲ್ಲ, ಗಾಜೇ ಸವೆದಿರೋದು, ಅದಕ್ಕೆ ಮದ್ದಿಲ್ಲ. ಇನ್ನೊಂದು ವಿಷಯ, ಸಿಂಕ್‌ನಲ್ಲಿ ಬಳಸೋ ಪಾತ್ರೆ ಲಿಕ್ವಿಡ್ ಇದಕ್ಕೆ ಹಾಕಲೇಬೇಡಿ. ನೊರೆ ಎದ್ದು ಪಂಪ್ ಗಾಳಿ ಎಳೆದುಕೊಳ್ಳುತ್ತೆ, ಬಾಗಿಲಿಂದ ಸೋರುತ್ತೆ. ಸರ್ಕ್ಯೂಟ್ ಬೋರ್ಡ್, ಹೀಟರ್, ಅಡಿಭಾಗದ ಸೋರಿಕೆ ಇದ್ದರೆ ಮೆಕ್ಯಾನಿಕ್ ಬರೋವರೆಗೆ ಕಾಯೋದೇ ವಾಸಿ.

ಹೊರಡುವಾಗ ದೊಡ್ಡಮ್ಮನ ಹತ್ತಿರ ಸಾರಿ ಕೇಳಿದೆವು. ಅವರು ನಕ್ಕು ಕೋಡುಬಳೆ ಕಟ್ಟಿಕೊಟ್ಟರು. ನಮಗೆ ಮಾತ್ರ ಶೆಲ್ಬಿವಿಲ್‌ನ ಆ ಗಂಡಸರು ನೆನಪಾಗುತ್ತಲೇ ಇದ್ದರು. ಬಸ್ಸಿನಲ್ಲಿ ಅವರ ಬಗ್ಗೆ ಓದಿ ಎಷ್ಟು ನಕ್ಕಿದ್ದೆವು. ಎರಡು ಗಂಟೆಯೊಳಗೆ ಅದೇ ಕೆಲಸ ನಾವು ಮಾಡಿದ್ದೆವು, ಅದೂ ಅದೇ ಮೆಷಿನ್ ಮುಂದೆ ಕೂತು.

ಜೋಸೆಫಿನ್ ಕಾಕ್ರೇನ್ 1913ರ ಆಗಸ್ಟ್ 3ರಂದು ಶಿಕಾಗೋದಲ್ಲಿ ತೀರಿಕೊಂಡರು. 74 ವರ್ಷ. ಅಷ್ಟು ಹೊತ್ತಿಗೆ ಮೆಷಿನ್ ಹೋಟೆಲ್ ಸೇರಿತ್ತು, ಆಕೆ ಬಯಸಿದ ಹಾಗೆ ಮನೆ ಸೇರಿರಲಿಲ್ಲ. 1926ರಲ್ಲಿ ಹೊಬಾರ್ಟ್ ಕಂಪನಿ ಆಕೆಯ ಕಂಪನಿಯನ್ನು ಕೊಂಡಿತು. ಅದರ ಕಿಚನ್‌ಏಡ್ ಹೆಸರಿನಲ್ಲಿ ಮನೆಬಳಕೆಯ ಡಿಶ್‌ವಾಷರ್ ಬಂದಿದ್ದು 1949ರಲ್ಲಿ, ಆಕೆ ಸತ್ತು 36 ವರ್ಷದ ಮೇಲೆ. ಅಮೆರಿಕದ ಸಂಶೋಧಕರ ಗೌರವ ಪಟ್ಟಿಗೆ ಹೆಸರು ಸೇರಿದ್ದು 2006ರಲ್ಲಿ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಒಂದು ಹೋಟೆಲ್ ಹಿಂಬಾಗಿಲು ತೆರೆದಿತ್ತು. ನಮ್ಮ ವಯಸ್ಸಿನ ಹುಡುಗನೊಬ್ಬ ತೊಟ್ಟಿ ಮುಂದೆ ಕೂತು ತಟ್ಟೆ ತೊಳೆಯುತ್ತಿದ್ದ. ಪಕ್ಕದಲ್ಲಿ ಮುಸುರೆ ತಟ್ಟೆಗಳು ಅವನ ಭುಜದೆತ್ತರಕ್ಕೆ. ಅವನನ್ನು ಮಾತಾಡಿಸೋ ಧೈರ್ಯ ನಮಗೆ ಬರಲಿಲ್ಲ. ಮುಂದಿನ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಸಣ್ಣ ಹೋಟೆಲ್‌ಗೆ ಆಗುವಂಥ, ಕಡಿಮೆ ಖರ್ಚಿನ ಪಾತ್ರೆ ತೊಳೆಯೋ ಮೆಷಿನ್ ಮಾಡೋಣ ಅಂತ ಮಾತಾಡಿಕೊಂಡಿದ್ದೀವಿ. ಸರ್ಕ್ಯೂಟ್ ಬರೆಯೋ ಮುಂಚೆ ಅಂಥ ಒಬ್ಬರ ಪಕ್ಕ ಒಂದು ದಿನ ಕೂತು ತಟ್ಟೆ ತೊಳೆಯೋದು ಅಂತಲೂ ತೀರ್ಮಾನ ಆಗಿದೆ. ಜೊತೆಗೆ ಬರೋರು ಇದ್ದರೆ ಕನ್ನಡ ಸಂಘದ ರೂಮಿಗೆ ಬನ್ನಿ.