ಕೋವಿಯ ಬಗ್ಗೆ ಬರೆದ ಅಧ್ಯಾಪಕ: ಜಾಕ್ ಓಕಾನರ್

ಕೋವಿ ಹಿಡಿದು ಕಾಡು ಅಲೆದವರೊಬ್ಬರ ಜೀವನಚರಿತ್ರೆ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಹವ್ಯಾಸಕ್ಕಾಗಿ ಬೇಟೆಯಾಡುವ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಆದರೂ ಅಮೇರಿಕದ ಜಾಕ್ ಓಕಾನರರನ್ನು ನಿಮಗೆ ಪರಿಚಯ ಮಾಡಿಕೊಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆಯಿತ್ತು. ಒಂದನೆಯದಾಗಿ, ಅವರು ನಮ್ಮ ಹಾಗೆಯೇ ಗಡಿಯಲ್ಲಿ ಹುಟ್ಟಿದವರು. ಎರಡನೆಯದಾಗಿ, ಅವರು ಭಾಷೆ ಕಲಿಸುವ ಅಧ್ಯಾಪಕರಾಗಿದ್ದರು. ಯಾವ ಪ್ರಾಣಿಗೆ ಯಾವ ಗುಂಡು ಎಂಬ ಒಣ ವಿಷಯವನ್ನು ಇಡೀ ದೇಶವೇ ಕುಳಿತು ಓದುವಂತೆ ಬರೆದದ್ದು ಆ ಅಧ್ಯಾಪಕರ ಕೈ.

ಅಮೇರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಮೂಲೆಯಲ್ಲಿ ಅರಿಜೋನ ಎಂಬ ಬಿಸಿಲು ನಾಡಿದೆ. ಅದರ ದಕ್ಷಿಣ ಅಂಚಿನಲ್ಲಿ ನೊಗಾಲೆಸ್ ಎಂಬ ಊರು. ಗಡಿಯ ಆಚೆ ಮೆಕ್ಸಿಕೋ ದೇಶ. ಅಲ್ಲಿರುವ ಊರಿನ ಹೆಸರೂ ನೊಗಾಲೆಸ್. ಒಂದೇ ಹೆಸರಿನ ಎರಡು ಊರುಗಳು, ನಡುವೆ ಎರಡು ಸರಕಾರಗಳ ಗೆರೆ. ಬೀದಿಯಲ್ಲಿ ಇಂಗ್ಲಿಷೂ ಕೇಳಿಸುತ್ತದೆ, ಸ್ಪ್ಯಾನಿಷೂ ಕೇಳಿಸುತ್ತದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಆಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಕ್ ಅಲ್ಲಿ 1902ನೇ ಇಸವಿ ಜನವರಿ 22ರಂದು ಜನಿಸಿದನು. ಆಗ ಅರಿಜೋನಕ್ಕೆ ಇನ್ನೂ ರಾಜ್ಯವೆಂಬ ಸ್ಥಾನವೂ ದೊರೆತಿರಲಿಲ್ಲ; ಅದು ದೊರೆತದ್ದು 1912ರಲ್ಲಿ.

ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆತಾಯಿಯರು ಬೇರೆಯಾದರು. ತಾಯಿಯ ಜತೆಯಲ್ಲಿ ಟೆಂಪಿ ಎಂಬ ಊರಿನಲ್ಲಿ ಬೆಳೆದ ಅವನಿಗೆ ತಂದೆಯ ಸ್ಥಾನದಲ್ಲಿ ನಿಂತವರು ತಾಯಿಯ ತಂದೆ, ಅಂದರೆ ಅಜ್ಜ. ಕೋವಿ ಹಿಡಿಯಲು ಕಲಿಸಿದವರೂ ಅವರೇ. ಆ ಬಾಲ್ಯವನ್ನು ಓಕಾನರರು ತಮ್ಮ ಇಳಿವಯಸ್ಸಿನಲ್ಲಿ, 1969ರಲ್ಲಿ, ಒಂದು ಪುಸ್ತಕವಾಗಿ ಬರೆದರು. ಕುದುರೆ ಗಾಡಿಯ ಕಾಲದ ಅರಿಜೋನ ಅದರಲ್ಲಿದೆ.

ಹದಿನೈದನೆಯ ವಯಸ್ಸಿನಲ್ಲಿಯೇ ಸೈನ್ಯಕ್ಕೆ ಸೇರಿದ ಈ ಹುಡುಗ ಮುಂದೆ ನೌಕಾಪಡೆಯಲ್ಲಿಯೂ ಇದ್ದನು. ಅನಂತರ ಓದು ಮುಂದುವರಿಯಿತು. 1925ರಲ್ಲಿ ಅರ್ಕನ್ಸಾ ವಿಶ್ವವಿದ್ಯಾಲಯದ ಪದವಿ, ಆ ಮೇಲೆ ಮಿಸೌರಿಯಲ್ಲಿ ಪತ್ರಿಕೋದ್ಯಮದ ಉನ್ನತ ಪದವಿ. 1927ರಲ್ಲಿ ಎಲಿನಾರ್ ಎಂಬವರೊಡನೆ ವಿವಾಹ. ಅದೇ ವರ್ಷ ಟೆಕ್ಸಾಸಿನ ಆಲ್ಪೈನ್ ಎಂಬ ಸಣ್ಣ ಊರಿನಲ್ಲಿ, ಅಧ್ಯಾಪಕರನ್ನು ತಯಾರು ಮಾಡುವ ಕಾಲೇಜೊಂದರಲ್ಲಿ, ಇಂಗ್ಲಿಷ್ ಕಲಿಸುವ ಕೆಲಸ. ಅಲ್ಲಿಂದ ಅರಿಜೋನದ ಫ್ಲಾಗ್‌ಸ್ಟಾಫಿಗೆ. 1934ರಲ್ಲಿ ಟೂಸಾನಿನಲ್ಲಿರುವ ಅರಿಜೋನ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಪತ್ರಿಕೋದ್ಯಮ ಕಲಿಸಿದ ಮೊದಲ ಪ್ರಾಧ್ಯಾಪಕರು ಅವರೇ. ನಡುವೆ ಎರಡು ಕಾದಂಬರಿಗಳನ್ನೂ ಪ್ರಕಟಿಸಿದರು. ಆದರೆ ಅವರ ಹೆಸರು ಉಳಿದದ್ದು ಕಾದಂಬರಿಗಳಿಂದಲ್ಲ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಸಂಬಳ ಸಾಲದೆ ಅನೇಕರು ಮೇಲುಸಂಪಾದನೆಗೆ ಬರೆಯುತ್ತಿದ್ದರು. ಓಕಾನರರು ತಮಗೆ ಚೆನ್ನಾಗಿ ತಿಳಿದಿದ್ದ ಮರುಭೂಮಿ, ಗುಡ್ಡ, ಜಿಂಕೆ, ಕೋವಿ ಇವುಗಳ ಬಗ್ಗೆ ಮಾಸಪತ್ರಿಕೆಗಳಿಗೆ ಬರೆಯತೊಡಗಿದರು. 1941ರಲ್ಲಿ ಔಟ್‌ಡೋರ್ ಲೈಫ್ ಎಂಬ ಪ್ರಸಿದ್ಧ ಪತ್ರಿಕೆ ಕೋವಿಯ ವಿಭಾಗವನ್ನು ಅವರಿಗೆ ಒಪ್ಪಿಸಿತು. ಕೆಲವು ವರ್ಷಗಳ ಬಳಿಕ ಅವರು ವಿಶ್ವವಿದ್ಯಾಲಯವನ್ನು ಬಿಟ್ಟರು.

ಬಿಟ್ಟರೂ ಅಧ್ಯಾಪಕರಾಗಿಯೇ ಉಳಿದರೆಂದು ನನ್ನ ಅಭಿಪ್ರಾಯ. ಅವರು ಏನನ್ನು ಕಲಿಸಿದರೆಂದು ತಿಳಿಯಬೇಕಾದರೆ ತೋಟೆಯ ಬಗ್ಗೆ ಎರಡು ಮಾತು ಬೇಕು. ತೋಟೆ ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ಹೊಳೆಗೆ ಎಸೆದು ಮೀನು ಕೊಲ್ಲುವ ತೋಟೆ ನೆನಪಾದೀತು. ನಾನು ಹೇಳುವುದು ಅದನ್ನಲ್ಲ. ರೈಫಲಿನ ತೋಟೆಯೆಂದರೆ ಒಂದು ಹಿತ್ತಾಳೆಯ ಕೊಳವೆ. ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಗುಂಡು ಸೀಸದ್ದು, ಅದಕ್ಕೊಂದು ತಾಮ್ರದ ಅಂಗಿ. ಕೊಳವೆ ದೊಡ್ಡದಾದರೆ ಮದ್ದು ಹೆಚ್ಚು. ಗುಂಡು ಹಗುರವಾದರೆ ವೇಗ ಹೆಚ್ಚು. ವೇಗ ಹೆಚ್ಚಿದಷ್ಟೂ ಗುಂಡಿನ ದಾರಿ ನೇರ. ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆ, ನೀವು ಎಸೆದ ಮಾವಿನ ಕಾಯಿಯನ್ನು ಎಳೆಯುವ ಹಾಗೆಯೇ.

1925ರಲ್ಲಿ ವಿಂಚೆಸ್ಟರ್ ಕಂಪೆನಿ ಹೊಸ ತೋಟೆಯೊಂದನ್ನು ಹೊರತಂದಿತು. ಸೈನ್ಯದಲ್ಲಿ 1906ರಿಂದ ಬಳಕೆಯಲ್ಲಿದ್ದ ತೋಟೆಯ ಕುತ್ತಿಗೆಯನ್ನು ಇಕ್ಕಟ್ಟು ಮಾಡಿ, ಅದಕ್ಕೆ ಸಪೂರ ಗುಂಡು ಕೂರಿಸಿದ್ದರು. ನಳಿಗೆಯ ಒಳ ಅಗಲ ಅಂಗುಲದ ನೂರರಲ್ಲಿ ಇಪ್ಪತ್ತೇಳು ಪಾಲು. ಆದ್ದರಿಂದ ಅದರ ಹೆಸರು.270. ಗುಂಡಿನ ತೂಕ 130 ಗ್ರೇನ್, ಎಂದರೆ ಸುಮಾರು ಎಂಟೂವರೆ ಗ್ರಾಂ. ಒಂದು ಪವನು ಬಂಗಾರಕ್ಕಿಂತ ತುಸು ಹೆಚ್ಚು. ವೇಗ ಸೆಕೆಂಡಿಗೆ 3140 ಅಡಿ, ಶಬ್ದದ ವೇಗದ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ. ಓಕಾನರರು ಆ ವರ್ಷವೇ ಆ ರೈಫಲನ್ನು ಕೊಂಡರು. ಸಾಯುವವರೆಗೂ ಅದನ್ನು ಹೊಗಳಿದರು.

ಅವರ ನಾಡಿನಲ್ಲಿ ಕೂಸ್ ಎಂಬ ಸಣ್ಣ ಜಾತಿಯ ಜಿಂಕೆಯಿದೆ. ಬೂದು ಮೈ, ಕಲ್ಲುಗುಡ್ಡದ ಮೇಲೆ ನಿಂತರೆ ಕಲ್ಲಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯದು. ಕಂಡಾಗ ಅದು ಕಣಿವೆಯ ಆಚೆ ಬದಿಯಲ್ಲಿರುತ್ತದೆ. ದೂರ ಇನ್ನೂರು ಗಜವೋ ಮುನ್ನೂರು ಗಜವೋ ಎಂದು ಲೆಕ್ಕ ಹಾಕಲು ಸಮಯವಿಲ್ಲ. ಇಲ್ಲಿ ಓಕಾನರರು ಓದುಗರಿಗೆ ಕಲಿಸಿದ ಉಪಾಯ ಸುಲಭವಾದದ್ದು. ನೂರು ಗಜದಲ್ಲಿ ಗುಂಡು ಗುರಿಗಿಂತ ಮೂರು ಅಂಗುಲ ಮೇಲೆ ಬೀಳುವಂತೆ ರೈಫಲನ್ನು ಹೊಂದಿಸಬೇಕು. ಆಗ ಸುಮಾರು 275 ಗಜದಲ್ಲಿ ಅದು ಸರಿಯಾಗಿ ಗುರಿಗೇ ಬೀಳುತ್ತದೆ. ಮುನ್ನೂರು ಗಜದಲ್ಲಿ ಕೆಲವೇ ಅಂಗುಲ ಕೆಳಗೆ. ಜಿಂಕೆಯ ಎದೆಗೂಡಿನಲ್ಲಿ ಹೃದಯವೂ ಶ್ವಾಸಕೋಶವೂ ಇರುವ ಜಾಗ ಸುಮಾರು ಒಂದು ಗೇಣು. ಆ ಗೇಣಿನ ನಡುವಿಗೆ ಗುರಿಯಿಟ್ಟರೆ ಮುನ್ನೂರು ಗಜದೊಳಗೆ ಎಲ್ಲಿದ್ದರೂ ಗುಂಡು ಆ ಗೇಣನ್ನು ತಪ್ಪದು. ಇದು ಮಂತ್ರವಲ್ಲ, ಗಣಿತ. ಒಂಬತ್ತನೆಯ ತರಗತಿಯವರು ಕಾಗದದ ಮೇಲೆ ಗೆರೆ ಎಳೆದು ನೋಡಬಹುದು.

ಓದುಗರ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆ ಇನ್ನೊಂದು. ಹಳ್ಳಿಯ ರೈತನಿಗೆ ಒಂದೇ ರೈಫಲ್ ಕೊಳ್ಳುವ ಶಕ್ತಿಯಿದೆ. ಜಿಂಕೆಗೂ ಅದೇ ಆಗಬೇಕು, ಕಯೋಟಿಗೂ ಅದೇ ಆಗಬೇಕು. ಕಯೋಟಿ ಎಂದರೆ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಹತ್ತರಿಂದ ಇಪ್ಪತ್ತು ಕಿಲೋ ತೂಗುವ ಬುದ್ಧಿವಂತ ಪ್ರಾಣಿ. ಕುರಿ ಸಾಕುವವರಿಗೆ ಅದನ್ನು ಕಂಡರಾಗದು. ನಮ್ಮ ಅಡಿಕೆ ತೋಟಗಳಲ್ಲಿ ಕಾಡುಹಂದಿಯ ಹೆಸರೆತ್ತಿದರೆ ಆಗುವ ಹಾಗೆ. ಅಲ್ಲಿನ ಸರಕಾರ ವಿಷವಿಟ್ಟೂ ಕೊಲ್ಲಿಸಿತು. ಆದರೂ ಕಯೋಟಿ ಅಳಿಯಲಿಲ್ಲ. ಖಂಡದ ಉದ್ದಗಲಕ್ಕೂ ಹರಡಿತು.

ಕಯೋಟಿಗೆಂದು ತಯಾರಾದ ಗುಂಡಿನ ತಾಮ್ರದ ಅಂಗಿ ತೆಳು. ತಾಗಿದೊಡನೆ ಸಿಡಿದು ಚೂರಾಗುತ್ತದೆ. ಚಿಕ್ಕ ಪ್ರಾಣಿ ಅಲ್ಲಿಯೇ ಬೀಳುತ್ತದೆ. 1935ರಲ್ಲಿ ಬಂದ .220 ಸ್ವಿಫ್ಟ್ ಎಂಬ ತೋಟೆ ಇಂತಹದು. ಗುಂಡು 48 ಗ್ರೇನ್, ವೇಗ ಸೆಕೆಂಡಿಗೆ ನಾಲ್ಕು ಸಾವಿರ ಅಡಿಗೂ ಮೇಲೆ. ಆದರೆ ಅಂತಹ ಗುಂಡನ್ನು ಜಿಂಕೆಗೆ ಹೊಡೆದರೆ ಹೆಗಲ ಎಲುಬಿನ ಮೇಲೆಯೇ ಚೂರಾಗಿ, ಒಳಗಿನ ಹೃದಯಕ್ಕೆ ತಲುಪದೆ ಹೋಗಬಹುದು. ಗಾಯಗೊಂಡ ಜಿಂಕೆ ಓಡಿ ಎಲ್ಲಿಯೋ ಪೊದೆಯೊಳಗೆ ದಿನಗಟ್ಟಲೆ ನರಳಿ ಸಾಯುತ್ತದೆ. ಅದನ್ನು ತಿನ್ನುವುದು ಕೊನೆಗೆ ಆ ಕಯೋಟಿಯೇ. ಜಿಂಕೆಯ ಗುಂಡಿಗೆ ಅಂಗಿ ದಪ್ಪ. ಅದು ಒಳಹೊಕ್ಕ ಮೇಲೆ ನಿಧಾನವಾಗಿ ಅರಳಬೇಕು. ಅದೇ ಗುಂಡು ಕಯೋಟಿಯ ತೆಳ್ಳನೆಯ ಮೈಯಲ್ಲಿ ಅರಳಲು ಎಡೆಯಿಲ್ಲದೆ ಆಚೆ ದಾಟಿ ಹೋಗುವುದುಂಟು. ಹೀಗೆ ಕೋವಿ ಒಂದೇ ಆದರೂ ಗುಂಡು ಒಂದೇ ಆಗಬಾರದು. .270ಕ್ಕೆ ಹಗುರವಾದ ಗುಂಡೂ ದೊರೆಯುತ್ತಿತ್ತು, 130 ಗ್ರೇನಿನದೂ ದೊರೆಯುತ್ತಿತ್ತು.

ಈ ವಿಷಯದಲ್ಲಿ ಅವರಿಗೊಬ್ಬ ಪ್ರಬಲ ಎದುರಾಳಿಯಿದ್ದರು. ಎಲ್ಮರ್ ಕೀತ್ ಎಂಬವರು. ದನ ಸಾಕಿದವರು, ಕುದುರೆ ಪಳಗಿಸಿದವರು, ತಾವೂ ಕೋವಿಯ ಬಗ್ಗೆ ಬರೆಯುತ್ತಿದ್ದರು. ಕೀತರ ಮತ ದೊಡ್ಡ ಗುಂಡಿನದು, ತೂಕದ ಗುಂಡಿನದು. ಓಕಾನರರ ಮೆಚ್ಚಿನ .270 ಕಯೋಟಿ ಹೊಡೆಯಲು ಅಡ್ಡಿಯಿಲ್ಲ ಎಂದು ಅವರು ಗೇಲಿ ಮಾಡುತ್ತಿದ್ದರು. ಜಿಂಕೆಗೂ ಅದಕ್ಕಿಂತ ದೊಡ್ಡ ಪ್ರಾಣಿಗಳಿಗೂ ಅದು ಸಾಲದೆಂಬುದು ಅದರ ತಾತ್ಪರ್ಯ. ಈ ಜಗಳ ವರ್ಷಗಟ್ಟಲೆ ನಡೆಯಿತು. ಇಬ್ಬರ ಪಕ್ಷಕ್ಕೂ ಓದುಗರಿದ್ದರು. ನ್ಯಾಯವಾಗಿ ಹೇಳುವುದಾದರೆ ಕೀತರ ಮಾತಿನಲ್ಲಿಯೂ ಹುರುಳಿತ್ತು. ದಟ್ಟ ಕಾಡಿನಲ್ಲಿ, ಹತ್ತಿರದಲ್ಲಿ, ಓರೆಯಾಗಿ ಓಡುವ ದೊಡ್ಡ ಪ್ರಾಣಿಗೆ ತೂಕದ ಗುಂಡೇ ಲೇಸು. ಒಬ್ಬರು ಬಯಲು ಗುಡ್ಡದವರು, ಇನ್ನೊಬ್ಬರು ಮರಗಳ ನಡುವೆ ಬೇಟೆಯಾಡಿದವರು. ಜಗಳದ ಅರ್ಧ ಪಾಲು ಅಲ್ಲಿಯೇ ಇತ್ತೆಂದು ನನಗೆ ತೋರುತ್ತದೆ.

ಓಕಾನರರ ಉತ್ತರ ಅವರ ಮನೆಯಲ್ಲಿಯೇ ಇತ್ತು. ಎಲಿನಾರ್ ಅವರದು ಸಣ್ಣ ಮೈಕಟ್ಟು. ದೊಡ್ಡ ತೋಟೆಯ ಕೋವಿ ಹೆಗಲಿಗೆ ಬಲವಾಗಿ ಒದೆಯುತ್ತದೆ. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾನೆ, ಮೈ ಅದುರಿಸುತ್ತಾನೆ. ಗುಂಡು ಎದೆಗೆ ಬೀಳುವ ಬದಲು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಆಕೆ ಹೆಚ್ಚಾಗಿ ಬಳಸಿದ್ದು ಏಳು ಮಿಲಿಮೀಟರಿನ ಹಳೆಯ ಮೌಸರ್ ತೋಟೆ. ಒದೆತ ಕಡಿಮೆ, ಗುರಿ ನಿಖರ. ಸಾಮಾನ್ಯವಾಗಿ ಒಂದು ಪ್ರಾಣಿಗೆ ಒಂದೇ ಗುಂಡು. ಆಫ್ರಿಕಾದಲ್ಲಿ ಆನೆಯನ್ನು ಹೊಡೆದಾಗಲೂ ಆಕೆಯ ಕೈಯಲ್ಲಿದ್ದುದು ಆನೆಗೆಂದು ಮಾಡಿದ ಭಾರಿ ಕೋವಿಯಲ್ಲ, 1906ರ ಆ ಸೈನ್ಯದ ತೋಟೆಯ ರೈಫಲು. ಆನೆಯ ಮಾತು ಓದುವಾಗ ನನಗೆ ಮನಸ್ಸು ಒಗ್ಗುವುದಿಲ್ಲ. ಆದರೂ ಆಕೆಯ ಕೈಯ ಸ್ಥಿರತೆಯನ್ನು ಒಪ್ಪಲೇಬೇಕು. ಈ ದಂಪತಿಗಳು ಆಗಿನ ಕಾಲದಲ್ಲಿ ಭಾರತಕ್ಕೂ ಬಂದು ಹುಲಿಯ ಬೇಟೆಯಾಡಿದ್ದರು.

ಇನ್ನು ಸ್ಕೋಪ್ ಎಂಬ ದುರ್ಬೀನಿನ ವಿಷಯ. ಹಳೆಯ ಕೋವಿಗಳಲ್ಲಿ ಗುರಿ ನೋಡಲು ಹಿಂದೊಂದು ಕಚ್ಚು, ಮುಂದೊಂದು ಮಣಿ. ಕಚ್ಚು, ಮಣಿ, ಪ್ರಾಣಿ ಈ ಮೂರನ್ನೂ ಕಣ್ಣು ಒಂದೇ ಸಲ ಸ್ಪಷ್ಟವಾಗಿ ನೋಡಲಾರದು. ಸ್ಕೋಪಿನಲ್ಲಿಯಾದರೋ ಅಡ್ಡ ಉದ್ದ ಗೆರೆಗಳೂ ಪ್ರಾಣಿಯೂ ಒಂದೇ ಚಿತ್ರದಲ್ಲಿ ಕೂಡುತ್ತವೆ. ಮುಂಜಾನೆಯ ಮಬ್ಬಿನಲ್ಲಿಯೂ ಕಾಣುತ್ತದೆ. 1930ರ ಸುಮಾರಿಗೆ ವೀವರ್ ಎಂಬವರು ಬಡವರ ಕೈಗೆಟಕುವ ಸ್ಕೋಪುಗಳನ್ನು ತಯಾರಿಸತೊಡಗಿದರು. ಹಳಬರು ಇದನ್ನು ಆಟಿಕೆಯೆಂದು ನಕ್ಕರು, ಓಕಾನರರು ನಗಲಿಲ್ಲ. ಆದರೆ ದೊಡ್ಡದಾಗಿ ತೋರಿಸಿದಷ್ಟೂ ಒಳ್ಳೆಯದೆಂಬ ಭ್ರಮೆಯನ್ನೂ ಅವರು ಒಪ್ಪಲಿಲ್ಲ. ಹತ್ತು ಪಟ್ಟು ಹಿಗ್ಗಿಸಿದರೆ ಕಾಣುವ ಜಾಗ ಕಿರಿದಾಗುತ್ತದೆ. ಓಡುವ ಜಿಂಕೆ ಅದರಲ್ಲಿ ಸಿಕ್ಕುವುದೇ ಇಲ್ಲ. ಕೈಯ ನಡುಕವೂ ಹತ್ತು ಪಟ್ಟಾಗಿ ಕಾಣುತ್ತದೆ. ನೆಲಕ್ಕೊರಗಿ, ಸಾವಕಾಶವಾಗಿ, ದೂರದ ಕಯೋಟಿಗೆ ಗುರಿಯಿಡುವವನಿಗೆ ಆರು ಎಂಟು ಪಟ್ಟಿನದು ಸರಿ. ದಟ್ಟ ಕಾಡಿಗೆ ಎರಡೂವರೆ. ಗುಡ್ಡದ ಜಿಂಕೆಗೂ ಕಾಡು ಟಗರಿಗೂ ನಾಲ್ಕು ಪಟ್ಟು ಸಾಕೆಂಬುದು ಅವರ ನಿರ್ಧಾರ. ತಮ್ಮ ಮೆಚ್ಚಿನ ರೈಫಲಿಗೆ ಅವರು ಕೂರಿಸಿಕೊಂಡದ್ದೂ ಅದನ್ನೇ.

1948ರಲ್ಲಿ ಕುಟುಂಬ ಐಡಾಹೋ ರಾಜ್ಯದ ಲೂಯಿಸ್ಟನ್ನಿಗೆ ಹೋಗಿ ನೆಲೆಸಿತು. ಮರುವರ್ಷ ರೈಫಲಿನ ಬಗ್ಗೆ ಅವರ ದೊಡ್ಡ ಪುಸ್ತಕ ಬಂದಿತು. ಕೋವಿ ಕಂಪೆನಿಗಳ ಜಾಹೀರಾತಿನಿಂದ ನಡೆಯುವ ಪತ್ರಿಕೆಯಲ್ಲಿ ಬರೆಯುತ್ತಿದ್ದರೂ ನಾಲಿಗೆಗೆ ಬೀಗ ಹಾಕಿಕೊಂಡವರಲ್ಲ. 1936ರಿಂದ ಬರುತ್ತಿದ್ದ ವಿಂಚೆಸ್ಟರ್ 70ನೇ ಮಾದರಿಯ ರೈಫಲನ್ನು ಕಂಪೆನಿ 1964ರಲ್ಲಿ ಖರ್ಚು ಕಡಿಮೆಯಾಗುವಂತೆ ಬದಲಾಯಿಸಿದಾಗ, ಅದು ಕೆಟ್ಟಿತೆಂದು ಬರೆದವರಲ್ಲಿ ಅವರೂ ಒಬ್ಬರು. ಆ ಕಂಪೆನಿಯ ತೋಟೆಯಿಂದಲೇ ಹೆಸರು ಪಡೆದವರು ಹೀಗೆ ಬರೆಯುವುದು ಸುಲಭವಲ್ಲ.

ಔಟ್‌ಡೋರ್ ಲೈಫ್ ಪತ್ರಿಕೆಯಿಂದ ಅವರು ನಿವೃತ್ತರಾದದ್ದು 1972ರಲ್ಲಿ, ನಮ್ಮಲ್ಲಿ ವನ್ಯಜೀವಿ ಕಾಯಿದೆ ಬಂದ ವರ್ಷವೇ. ನಿವೃತ್ತರಾದರೂ ಬೇರೊಂದು ಪತ್ರಿಕೆಗೆ ಬರೆಯುತ್ತಿದ್ದರು. ಬಿಸಿಲಿನ ನಾಡಿನಲ್ಲಿ ಹುಟ್ಟಿದ ಅವರಿಗೆ ಮರಣ ಬಂದದ್ದು ಸಮುದ್ರದ ನಡುವೆ. 1978ರ ಜನವರಿ 20ರಂದು, ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಹೃದಯಾಘಾತವಾಗಿ ತೀರಿಕೊಂಡರು. ಎಪ್ಪತ್ತಾರು ತುಂಬಲು ಎರಡೇ ದಿನ ಉಳಿದಿತ್ತು. ಎದುರಾಳಿ ಕೀತ್ 1984ರವರೆಗೆ ಬದುಕಿದ್ದರು. .270 ತೋಟೆಗೆ 2025ರಲ್ಲಿ ನೂರು ವರ್ಷ ತುಂಬಿತು. ಅದು ಕಯೋಟಿಯದೋ ಜಿಂಕೆಯದೋ ಎಂಬ ಚರ್ಚೆ ಆ ದೇಶದಲ್ಲಿ ಇನ್ನೂ ಮುಗಿದಿಲ್ಲ.