ಮೂಳೆ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್

ಸಖರಾಯಪಟ್ಟಣದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಎರಡನೇ ವಾರ. ಅಂದು ಅಸ್ಥಿಪಂಜರದ ಪಾಠ. ಪೂರ್ವಜ್ಞಾನ ತಿಳಿಯಲು, ಮೂಳೆ ಮುರಿದರೆ ಯಾರ ಬಳಿ ಹೋಗುತ್ತೀರಿ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಮೂಳೆ ಕಟ್ಟುವವರ ಬಳಿ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು, ಅವರು ಡಾಕ್ಟರಲ್ಲ ಎಂದುಬಿಟ್ಟೆ. ಹುಡುಗ ತಲೆ ತಗ್ಗಿಸಿದ. ಅವನ ತಾತ ಮೂಳೆ ಕಟ್ಟುವವರೆಂದು ಆಮೇಲೆ ತಿಳಿಯಿತು.

ಮುಂದಿನ ತರಗತಿಯಲ್ಲಿ ಅವನಿಗಾಗಿಯೇ ಸ್ಟಿಲ್ ಅವರ ಜೀವನವನ್ನು ಹೇಳಿದೆ.

ಸ್ಟಿಲ್ ಹುಟ್ಟಿದ್ದು 1828ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ. ತಂದೆ ಪಾದ್ರಿಯೂ ವೈದ್ಯರೂ ಆಗಿದ್ದರು. ಮಗ ವೈದ್ಯ ಕಲಿತದ್ದು ತಂದೆಯಿಂದಲೇ. 1864ರಲ್ಲಿ ಮಿದುಳು ಪೊರೆಯ ಉರಿಯೂತಕ್ಕೆ ಅವರ ಮನೆಯ ಮೂವರು ಮಕ್ಕಳು ಬಲಿಯಾದರು. ಅಂದಿನ ವೈದ್ಯರ ಕೈಯಲ್ಲಿ ಇದ್ದದ್ದು ಪಾದರಸದ ಔಷಧಿ, ರಕ್ತ ತೆಗೆಯುವ ಚಿಕಿತ್ಸೆ ಇಂಥವು. ಅವುಗಳ ಮೇಲಿನ ನಂಬಿಕೆ ಕಳೆದುಕೊಂಡ ಸ್ಟಿಲ್ ಮೂಳೆ, ಸ್ನಾಯು, ರಕ್ತನಾಳಗಳನ್ನು ಮತ್ತೆ ಅಭ್ಯಾಸ ಮಾಡಿದರು. ಕೈಯಿಂದಲೇ ಮೂಳೆ, ಕೀಲುಗಳನ್ನು ಸರಿಪಡಿಸುವ ತಮ್ಮ ಪದ್ಧತಿಯನ್ನು 1874ರಲ್ಲಿ ಪ್ರಕಟಿಸಿದರು. ಅದೇ ಆಸ್ಟಿಯೋಪತಿ.

ಊರಿನವರು ನಕ್ಕರು. ಅವರ ಕುಟುಂಬವೇ ಕಟ್ಟಲು ನೆರವಾಗಿದ್ದ ಬೇಕರ್ ವಿಶ್ವವಿದ್ಯಾಲಯ ಅವರಿಗೆ ಉಪನ್ಯಾಸದ ಅವಕಾಶ ಕೊಡಲಿಲ್ಲ. ಅವರು ಮಿಸೌರಿಯ ಕರ್ಕ್ಸ್‌ವಿಲ್‌ಗೆ ಹೋಗಿ ನೆಲೆಸಿ, 1892ರಲ್ಲಿ ಅಲ್ಲೇ ಶಾಲೆ ತೆರೆದರು. ಮೊದಲ ತಂಡದಲ್ಲೇ ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು. ಅಂಗರಚನಾಶಾಸ್ತ್ರ ಕಲಿಸಿದವರು ಎಡಿನ್‌ಬರೋದಲ್ಲಿ ಓದಿದ ವೈದ್ಯ ವಿಲಿಯಂ ಸ್ಮಿತ್. 1917ರಲ್ಲಿ ಸ್ಟಿಲ್ ತೀರಿಕೊಂಡರು.

ತಾತ್ಸಾರ ಮಾತ್ರ ಮುಂದುವರಿಯಿತು. ಆಸ್ಟಿಯೋಪತಿ ವೈದ್ಯರೊಡನೆ ಕೆಲಸ ಮಾಡುವುದನ್ನು ಅಮೆರಿಕನ್ ವೈದ್ಯಕೀಯ ಸಂಘ ಬಹುಕಾಲ ನೀತಿಬಾಹಿರವೆಂದೇ ಎಣಿಸಿತ್ತು. ಸೈನ್ಯ ಅವರನ್ನು ವೈದ್ಯಾಧಿಕಾರಿಗಳಾಗಿ ತೆಗೆದುಕೊಂಡದ್ದು 1966ರಲ್ಲಿ. 1962ರ ಕ್ಯಾಲಿಫೋರ್ನಿಯಾದ ಘಟನೆಯಂತೂ ವಿಚಿತ್ರ: 65 ಡಾಲರ್ ಕಟ್ಟಿದ ಆಸ್ಟಿಯೋಪತಿ ವೈದ್ಯರಿಗೆ ಎಂ.ಡಿ. ಪದವಿ ಸಿಕ್ಕಿತು. ವೈದ್ಯರೂ ಅವರೇ, ರೋಗಿಗಳೂ ಅವರೇ. ಬದಲಾದದ್ದು ಹೆಸರಿನ ಮುಂದಿನ ಅಕ್ಷರ.

ವಿರೋಧಿಸಿದವರ ಮಾತೆಲ್ಲ ಸುಳ್ಳಲ್ಲ ಎಂದೂ ಮಕ್ಕಳಿಗೆ ಹೇಳಿದೆ. ಬಹುತೇಕ ರೋಗಗಳಿಗೆ ಮೂಳೆ, ಕೀಲುಗಳ ದೋಷವೇ ಮೂಲವೆಂಬ ಸ್ಟಿಲ್ ಅವರ ವಾದ ನಿಲ್ಲಲಿಲ್ಲ. ಅವರ ಶಿಷ್ಯಪರಂಪರೆ ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆಗಳನ್ನೂ ಕಲಿತು ಪರೀಕ್ಷೆಗಳನ್ನು ದಾಟಿತು. ಇಂದು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅವರು ಪೂರ್ಣ ಪ್ರಮಾಣದ ವೈದ್ಯರು.

ಹುಡುಗ ಎದ್ದು ನಿಂತು, ಹಾಗಾದರೆ ನಮ್ಮ ತಾತ ಡಾಕ್ಟರಾ ಮಿಸ್ ಎಂದು ಕೇಳಿದ. ಈ ಸಲ ಯಾರೂ ನಗಲಿಲ್ಲ. ತಾತನ ಕೈಯಲ್ಲಿ ಅನುಭವವಿದೆ, ಅದನ್ನು ಗೌರವಿಸೋಣ. ಆದರೆ ಮೂಳೆ ಮುರಿದರೆ ಮೊದಲು ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಬೇಕು, ಕಟ್ಟು ಬಿಗಿಯಾದರೆ ರಕ್ತ ಸಂಚಾರ ನಿಂತು ಕೈಯನ್ನೇ ಕಳೆದುಕೊಳ್ಳಬಹುದು ಎಂದೆ. ಹಿಂದಿನ ದಿನ ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ನನ್ನ ಪಾಠಯೋಜನೆಯಲ್ಲಿ ಇಲ್ಲದ ಈ ಉದ್ದೇಶವನ್ನು ಆಮೇಲೆ ಬರೆದುಕೊಂಡೆ: ಒಬ್ಬರ ಕೆಲಸವನ್ನು ಪ್ರಶ್ನಿಸಬಹುದು, ಪ್ರಶ್ನಿಸುವ ಮೊದಲೇ ನಗಬಾರದು.